ಎಂ.ಐ. ರೂಮಿಗೆ ಹೋಗು, ಅಳಿಯಾ



ಇಲ್ಲಿ ನಾವೆಲ್ಲ ಕ್ಷೇಮ. ನೀನು ಕ್ಷೇಮವಾಗಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಪಲ್ಟನ್ ಯಾವುದೆಂದೂ ಹೇಳಿಲ್ಲ. ನಿನ್ನಂತೆ ಸೇನೆ ಸೇರಿ, ನಿನ್ನಂತೆಯೇ ಬಾಯಿ ಕಟ್ಟಿಕೊಂಡು ಕೂತ ಹುಡುಗರು ಹೊಸಪೇಟೆ, ಸಂಡೂರಿನ ಕಡೆ ಇನ್ನೂ ಇದ್ದಾರು. ಅವರೂ ಓದಲಿ, ಅವರ ಮನೆಯವರೂ ಓದಲಿ ಎಂದು ಈ ಕಾಗದವನ್ನು ಪತ್ರಿಕೆಗೇ ಕೊಟ್ಟೆ. ಸಿಟ್ಟು ಬರುತ್ತದೆ, ಬರಲಿ.

"ರಜೆಗೆ ಬಂದವ ಹಂಪಿ ತೇರಿಗೂ ಬರಲಿಲ್ಲಣ್ಣ, ನಸುಕಿನಾಗ ಎದ್ದು ಅಂಗಳದಾಗ ಸುಮ್ನ ಕುಂದರತಾನ" ಎಂದು ನಿಮ್ಮವ್ವ ಅಂದಳು. ನಿನ್ನನ್ನು ಕೇಳಿದರೆ, "ಏನಿಲ್ಲ ಮಾವ, ಯೂನಿಟ್‌ಗೆ ಹೋದ್ರ ಎಲ್ಲಾ ಸರಿಹೋಗತೈತಿ" ಅಂದೆ. ಆಯುಷ್ಯದ ಬಹುಪಾಲು ಆರೋಗ್ಯ ಇಲಾಖೆಯ ಚೀಲ ಹೆಗಲಿಗೆ ಹಾಕಿಕೊಂಡು ಮನೆ ಮನೆ ಸುತ್ತಿದವನು ನಾನು. ಆ ಉತ್ತರವನ್ನು ಎಷ್ಟು ಅಂಗಳಗಳಲ್ಲಿ ಕೇಳಿದ್ದೇನೋ!

ನಾನು ಕೆಲಸಕ್ಕೆ ಸೇರಿದ್ದು ಮಲೇರಿಯಾ ನೋಡಲು. ಸಂಡೂರಿನ ಗುಡ್ಡದ ಊರುಗಳಲ್ಲಿ ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಪಟ್ಟಿಗೆ ರಕ್ತ ಸವರಿಕೊಳ್ಳುವುದು, ಬಂದುಹೋದ ತಾರೀಖನ್ನು ಗೋಡೆಯ ಮೇಲೆ ಬರೆಯುವುದು, ಇಷ್ಟೇ. 1982ರಲ್ಲಿ ದೇಶಕ್ಕೆ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂಬುದೊಂದು ಬಂದಿತ್ತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡಲು ಬೆಂಗಳೂರಿನ ನಿಮ್ಹಾನ್ಸ್‌ನವರು ಆರಿಸಿಕೊಂಡದ್ದು ನಮ್ಮ ಬಳ್ಳಾರಿಯನ್ನು. ಆಗ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಲ್ಲ ಒಂದೇ ಜಿಲ್ಲೆ, ಸುಮಾರು 15 ಲಕ್ಷ ಜನ. 1985ರಿಂದ 1990ರವರೆಗೆ ಅದು ನಡೆಯಿತು. ಅದಕ್ಕೆ ಮೊದಲು ತಲೆ ಕೆಟ್ಟಿದೆ ಅಂದರೆ ಒಂದೋ ಧಾರವಾಡದ ಆಸ್ಪತ್ರೆ, ಇಲ್ಲ ಹುಲಿಗೆಮ್ಮನ ಗುಡಿ. ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ತರಬೇತಿ ಕೊಟ್ಟರು, ನಮ್ಮಂಥ ಕಾರ್ಯಕರ್ತರನ್ನೂ ಕೂರಿಸಿ ಕಲಿಸಿದರು, ಮಾತ್ರೆಗಳು ಕೇಂದ್ರದಲ್ಲೇ ಸಿಗುವಂತೆ ಮಾಡಿದರು. 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ದೇಶದ ಬೇರೆ ಕಡೆ ಶುರು ಮಾಡಿದಾಗ ಮುಂದಿಟ್ಟುಕೊಂಡದ್ದು ಇದನ್ನೇ. ವೈದ್ಯರ ಪುಸ್ತಕಗಳಲ್ಲಿ ಇವತ್ತಿಗೂ ಇದರ ಹೆಸರು ‘ಬಳ್ಳಾರಿ ಮಾದರಿ’. ಇಂಥ ಮಣ್ಣಿನಲ್ಲಿ ಹುಟ್ಟಿದ ಹುಡುಗ ನೀನು, ಖಿನ್ನತೆಯನ್ನು ಕಳ್ಳಮಾಲಿನ ಹಾಗೆ ಮುಚ್ಚಿಡುತ್ತಿದ್ದೀಯಲ್ಲ.

ಆ ತರಬೇತಿ ಮುಗಿದ ಮೇಲೆ ಕಂಪ್ಲಿ ಕಡೆಯ ಒಂದು ಊರಲ್ಲಿ ನೋಡಿದ ಒಬ್ಬರ ವಿಷಯ ಹೇಳಬೇಕು. 71ರ ಯುದ್ಧ ಕಂಡು ಬಂದ ಮಾಜಿ ಸೈನಿಕರು. ಮನೆಯ ಮೂಲೆಯಲ್ಲಿ ಕರಿಯ ತಗಡಿನ ಟ್ರಂಕ್, ಅದರ ಮೇಲೆ ಬಿಳಿ ಬಣ್ಣದಲ್ಲಿ ಅವರ ನಂಬರು, ಹೆಸರು. ಊಟ ಬಿಟ್ಟಿದ್ದರು, ಮಾತು ಬಿಟ್ಟಿದ್ದರು, ಹೊಲದ ಕಡೆ ತಲೆ ಹಾಕುತ್ತಿರಲಿಲ್ಲ. ಆದರೆ ದಿನಾ ಬೆಳಿಗ್ಗೆ ಕಂಬಳಿಯನ್ನು ಮಾತ್ರ ಅಂಚಿಗೆ ಅಂಚು ಕೂಡಿಸಿ ಮಡಚಿ, ಟ್ರಂಕಿನ ಮೇಲಿಟ್ಟು, ಅದರ ಪಕ್ಕದಲ್ಲೇ ಸಂಜೆಯವರೆಗೆ ಕೂರುತ್ತಿದ್ದರು. ಮನೆಯವರು ತಾಯಿತ ಕಟ್ಟಿಸಿದ್ದರು, ಹರಕೆ ಹೊತ್ತಿದ್ದರು. ನಮ್ಮ ಡಾಕ್ಟರು ಮಾತ್ರೆ ಬರೆದರು. ಮೊದಲ ವಾರ ಏನೂ ಆಗಲಿಲ್ಲ, ಬಾಯಿ ಒಣಗುತ್ತದೆಂದು ಸಿಡುಕಿದರು. ಮೂರನೆಯ ವಾರ ದಾಟಿದ ಮೇಲೆ ಒಂದು ದಿನ ನಾನು ಹೋದಾಗ ಟ್ರಂಕಿನ ಹತ್ತಿರ ಇರಲಿಲ್ಲ. ಭತ್ತದ ನಾಟಿ ನಡೆದಿತ್ತು, ಬದುವಿನ ಮೇಲೆ ನಿಂತು ಆಳುಗಳನ್ನು ಬೈಯುತ್ತಿದ್ದರು. ಅವರ ಹೆಂಡತಿ ಅದನ್ನು ಕೇಳಿ ಅತ್ತೇಬಿಟ್ಟರು, ಅಷ್ಟು ಸಂತೋಷ.

ಗುಣವಾದ ಮೇಲೆ ಅವರು ಹೇಳಿದ ಮಾತು ನಿನಗೆ ಬೇಕಾದದ್ದು. ಆ ಕಾಯಿಲೆ ಶುರುವಾದದ್ದು ಊರಿಗೆ ಬಂದ ಮೇಲಲ್ಲ, ಸರ್ವಿಸಿನಲ್ಲಿರುವಾಗಲೇ. ಅಲ್ಲಿ ಯೂನಿಟ್ಟಿನ ಡಾಕ್ಟರು ರೋಗಿಗಳನ್ನು ನೋಡುವ ಎಂ.ಐ. ರೂಮಿಗೆ ಹೋದಾಗಲೆಲ್ಲ ಹೊಟ್ಟೆನೋವು, ತಲೆನೋವು ಅಂತಲೇ ಬರೆಸುತ್ತಿದ್ದರಂತೆ. ಹೊಟ್ಟೆಯ ಮಾತ್ರೆ ತಿಂದುಕೊಂಡೇ ಸರ್ವಿಸ್ ಮುಗಿಸಿದರು. "ಅಲ್ಲೇ ಹೇಳಿದ್ದಿದ್ರ ನನ್ನ ಮಕ್ಕಳು ಸಣ್ಣವರಿದ್ದಾಗ ನಾನು ಮನುಷ್ಯನಾಗಿ ಮನಿಗೆ ಬರ್ತಿದ್ದೆ" ಅಂದರು.

ಇನ್ನು ನಿನ್ನ ವಿಚಾರ. ಎರಡೂ ಕಡೆಯದನ್ನು ಹೇಳುತ್ತೇನೆ. ಹೇಳಿಕೊಂಡರೆ ಮಿಲಿಟರಿ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸುತ್ತಾರೆ, ನಿನ್ನ ನಡವಳಿಕೆಯ ಬಗ್ಗೆ ಕಮಾಂಡಿಂಗ್ ಆಫೀಸರ್ ಸಾಹೇಬರ ವರದಿ ಕೇಳುತ್ತಾರೆ. ಪೂರ್ತಿ ಫಿಟ್ ಎನ್ನುವ ಶೇಪ್-1 ಹೋಗಿ ಲೋ ಮೆಡಿಕಲ್ ಕೆಟಗರಿ ಆಗಬಹುದು. ರೈಫಲ್ ಕೈಗೆ ಕೊಡದೆ ಹಗುರ ಡ್ಯೂಟಿಗೆ ಹಾಕಬಹುದು. ನೀನು ಕಾಯುತ್ತಿರುವ ನಾಯಕ್ ಬಡ್ತಿ ತಡವಾಗಬಹುದು. ಬ್ಯಾರಕ್ಕಿನಲ್ಲಿ ಹಿಂದಿನಿಂದ ಆಡಿಕೊಳ್ಳುವವರೂ ಇರುತ್ತಾರೆ. ಇದೆಲ್ಲ ನಿಜ, ಸುಳ್ಳು ಧೈರ್ಯ ಹೇಳುವುದಿಲ್ಲ. ಆದರೆ ತಾತ್ಕಾಲಿಕ ಕೆಟಗರಿ ಅಂದರೆ ಹಣೆಬರಹವಲ್ಲ. ಅವಧಿ ಮುಗಿದ ಮೇಲೆ ಮತ್ತೆ ಪರೀಕ್ಷೆ ಮಾಡುತ್ತಾರೆ, ಗುಣವಾದವರನ್ನು ಮೇಲಕ್ಕೆ ತರುತ್ತಾರೆ.

ಇನ್ನೊಂದು ದಾರಿ ನೀನು ಮನಸ್ಸಿನಲ್ಲಿ ಇಟ್ಟುಕೊಂಡದ್ದು. ರಜೆಯಲ್ಲಿ ಗುಟ್ಟಾಗಿ ಖಾಸಗಿ ಡಾಕ್ಟರಿಗೆ ತೋರಿಸಿ, ಮಾತ್ರೆಯನ್ನು ಸಾಕ್ಸಿನೊಳಗೆ ಸುತ್ತಿಕೊಂಡು ಹೋಗುವುದು. ನಿಮ್ಮವ್ವ ಬ್ಯಾಗಿನಲ್ಲಿ ನೋಡಿದ್ದಾಳೆ. ಡಾಕ್ಟರು ಒಳ್ಳೆಯವರೇ ಇರಲಿ, ಆದರೆ ಅದು ಜ್ವರದ ಮಾತ್ರೆಯಲ್ಲ ಕಣಪ್ಪ. ಕೆಲಸ ಶುರು ಮಾಡಲು ಎರಡು ಮೂರು ವಾರ ಬೇಕು, ಪ್ರಮಾಣ ನೋಡಿ ಏರಿಸಬೇಕು ಇಲ್ಲ ಬದಲಿಸಬೇಕು, ಚೆನ್ನಾದ ಮೇಲೂ ಕೆಲವು ತಿಂಗಳು ನುಂಗಬೇಕು. ಪೋಸ್ಟಿನ ಮೇಲೆ ಮಾತ್ರೆ ಮುಗಿದರೆ ಯಾರನ್ನು ಕೇಳುತ್ತೀ? ತಟ್ಟನೆ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು, ಹಳೆಯದೆಲ್ಲ ಮರುಕಳಿಸುವ ಭಯ. ಆ ಸ್ಥಿತಿಯಲ್ಲಿ ಗುಂಡು ತುಂಬಿದ ರೈಫಲ್ ಹಿಡಿದು ರಾತ್ರಿ ಒಬ್ಬನೇ ಗಾರ್ಡ್ ನಿಲ್ಲುತ್ತೀಯ! ನಿನ್ನ ಹಿಂದೆ ಮಲಗಿದ ಸಂಗಾತಿಗಳ ಪ್ರಾಣವೂ ನಿನ್ನ ಕೈಯಲ್ಲಿರುತ್ತದೆ. ಇದಕ್ಕೆ ಮರ್ಯಾದೆ ಅನ್ನಬೇಡ, ಹುಚ್ಚು ಹಟ ಅನ್ನು. ಬಡ್ತಿ ದೊಡ್ಡದೋ, ಜೀವ ದೊಡ್ಡದೋ?

ಜೋರಾಗಿ ಬೈದೆನೇನೋ. ನೀನು ಹುಟ್ಟಿದಾಗ ಮೊದಲು ಎತ್ತಿಕೊಂಡವರಲ್ಲಿ ನಾನೂ ಒಬ್ಬ, ಅಷ್ಟು ಸಲಿಗೆ ಇರಲಿ. ನೀನು ಪುಕ್ಕಲನೆಂದು ನಾನು ಒಂದು ಗಳಿಗೆಯೂ ಅಂದುಕೊಂಡಿಲ್ಲ. ಥೈರಾಯ್ಡ್ ಹೆಚ್ಚು ಕಡಿಮೆಯಾದರೂ ಮನುಷ್ಯ ಹೀಗೆ ಕುಗ್ಗಬಹುದು. ಅದನ್ನೆಲ್ಲ ರಕ್ತ ನೋಡಿಯೇ ಹೇಳಬೇಕು, ಮಿಲಿಟರಿ ಆಸ್ಪತ್ರೆಯಲ್ಲಿ ನೋಡುತ್ತಾರೆ.

ರಜೆ ಇರುವಷ್ಟು ದಿನ ಒಬ್ಬನೇ ಇರಬೇಡ. ಬದುಕೇ ಬೇಡ ಅನ್ನಿಸಿದರೆ ರಜೆ ಮುಗಿಯಲೆಂದು ಕಾಯುವಂತಿಲ್ಲ. ನನ್ನನ್ನು ಎಬ್ಬಿಸು, ಮಧ್ಯರಾತ್ರಿಯಾದರೂ ಹೊಸಪೇಟೆಯ ಸರ್ಕಾರಿ ಆಸ್ಪತ್ರೆಗೆ ಹೋಗೋಣ. ಟೆಲಿ ಮಾನಸ್ ಎಂಬ ಸಹಾಯವಾಣಿಯಿದೆ, 14416ಕ್ಕೆ ಹಗಲು ರಾತ್ರಿ ಯಾವಾಗ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಸೇನೆಯವರಿಗೆಂದೇ ಅದರ ಒಂದು ಘಟಕವನ್ನು 2023ರ ಡಿಸೆಂಬರಿನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ತೆರೆದಿದ್ದಾರೆ. ನಿನ್ನಂಥವರು ಬಹಳ ಮಂದಿ ಇರುವುದಕ್ಕೇ ತಾನೆ ತೆರೆದದ್ದು?

ಯೂನಿಟ್ ಸೇರಿದ ಮರುದಿನ ಬೆಳಿಗ್ಗೆಯೇ ಸಿಕ್ ರಿಪೋರ್ಟಿನಲ್ಲಿ ಹೆಸರು ಬರೆಸು. ಈಗ ನುಂಗುತ್ತಿರುವ ಮಾತ್ರೆಯ ಚೀಟಿಯನ್ನೂ ಡಾಕ್ಟರ್ ಸಾಹೇಬರ ಮುಂದಿಡು. ಹೊಟ್ಟೆನೋವು ಎಂದು ಮಾತ್ರ ಹೇಳಬೇಡಪ್ಪ.

ನಿನ್ನ ಸೋದರಮಾವ