ಮನೆಯ ಹಾಲು ಎಷ್ಟು ಹೊತ್ತು ಕೆಡದೆ ಉಳಿಯುತ್ತದೆ?

ಕಾಫಿ, ಅಡಿಕೆ, ಮೆಣಸುಗಳಿಗೆ ಮೀಸಲಾದ ಈ ಪುಟಗಳಲ್ಲಿ ಹಾಲಿನ ಪ್ರಸ್ತಾಪವೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ನಮ್ಮಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿದಾರರು. ತೋಟದ ಗೊಬ್ಬರಕ್ಕೆಂದು ಒಂದೆರಡು ಹಸು ಕಟ್ಟಿದವರು. ಗೊಬ್ಬರ ತೋಟಕ್ಕೆ, ಹಾಲು ಮನೆಗೆ, ಮಿಕ್ಕಿದ್ದು ಡೈರಿಗೆ. ಕಳೆದ ಮಳೆಗಾಲದಲ್ಲಿ ಸಂಘದ ಕಚೇರಿಗೆ ಬಂದಿದ್ದ ಸದಸ್ಯರೊಬ್ಬರ ತಾಯಿಯವರು ನನ್ನನ್ನು ಕೇಳಿದರು: "ಅಲ್ಲ ಸೆಕ್ರೆಟರಿಗಳೇ, ಮರ ಬಿದ್ದು ಎರಡು ದಿನದಿಂದ ಕರೆಂಟಿಲ್ಲ. ಫ್ರಿಜ್‌ನಲ್ಲಿಟ್ಟ ಕಾಸಿದ ಹಾಲು ಹುಳಿಯಾಗಿಲ್ಲ, ವಾಸನೆಯೂ ಬಂದಿಲ್ಲ. ಇನ್ನೊಮ್ಮೆ ಚೆನ್ನಾಗಿ ಕುದಿಸಿ ಮೊಮ್ಮಗುವಿಗೆ ಕೊಟ್ಟರೆ ಆಗದೇ?" ಆಗದು ಎಂದು ಅಲ್ಲಿಯೇ ಹೇಳಿದೆ. ಏಕೆ ಆಗದು ಎಂದು ವಿವರಿಸಲು ಕೌಂಟರಿನ ಮುಂದೆ ಪುರಸೊತ್ತಿರಲಿಲ್ಲ. ಬೇರೆ ಮನೆಗಳಲ್ಲಿಯೂ ಇದೇ ಸಂದೇಹ ಇರುವುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಹಾಲು ಹುಳಿಯುವುದೆಂದರೇನು? ಹಾಲಿನಲ್ಲಿ ನೂರಕ್ಕೆ ನಾಲ್ಕೂವರೆಯಿಂದ ಐದು ಪಾಲು ಲ್ಯಾಕ್ಟೋಸ್ ಎಂಬ ಸಕ್ಕರೆಯಿರುತ್ತದೆ. ಕೆಲವು ಸೂಕ್ಷ್ಮಜೀವಿಗಳು ಈ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲವನ್ನು ಬಿಡುತ್ತವೆ. ಹುಳಿ ಹಾಲಿನಿಂದ ಈ ಆಮ್ಲವನ್ನು ಮೊದಲು ಬೇರ್ಪಡಿಸಿದವನು ಸ್ವೀಡನ್ನಿನ ಷೀಲೆ, 1780ರಲ್ಲಿ. ಅದು ಜೀವಿಗಳ ಕೆಲಸವೆಂದು ತೋರಿಸಿಕೊಟ್ಟವನು ಫ್ರಾನ್ಸಿನ ಲೂಯಿ ಪಾಶ್ಚರ್, 1857ರಲ್ಲಿ. ನಮಗೆ ಇದು ಹೊಸ ಸಂಗತಿಯೇನಲ್ಲ. ಪಲ್ಪ್ ಮಾಡಿದ ಅರೇಬಿಕಾ ಕಾಫಿಯನ್ನು ತೊಟ್ಟಿಯಲ್ಲಿ ಹುಳಿಯಲು ಬಿಟ್ಟಾಗ ಲೋಳೆ ಬಿಡುವುದೂ ಸೂಕ್ಷ್ಮಜೀವಿಗಳಿಂದಲೇ. ಸೆಕೆಯಿದ್ದ ದಿನ ಬೇಗ ಬಿಡುತ್ತದೆ, ಚಳಿ ಹೆಚ್ಚಿದ ದಿನ ತಡವಾಗುತ್ತದೆ. ತೊಟ್ಟಿಯ ಮೂಲೆಯಲ್ಲಿ ನಿನ್ನೆಯ ಕಾಳು ಉಳಿದಿದ್ದರೆ ಇಂದಿನ ಮಾಲಿಗೂ ನಾತ ಹಿಡಿಯುತ್ತದೆ. ಈ ಮೂರು ಮಾತನ್ನೂ ಹಾಲಿಗೆ ಹಾಗೆಯೇ ಅನ್ವಯಿಸಿಕೊಳ್ಳಬಹುದು.

ಹಾಲು ಒಮ್ಮೆಲೇ ಹುಳಿಯಾಗುವುದಿಲ್ಲ. ತಾಜಾ ಹಾಲಿನ ಪಿಎಚ್ 6.7ರ ಆಸುಪಾಸು. ಅದು 4.6ಕ್ಕೆ ಇಳಿದಾಗ ಹಾಲು ತಾನಾಗಿಯೇ ಗಟ್ಟಿಯಾಗುತ್ತದೆ. ಇವೆರಡರ ನಡುವೆ, ನಾಲಿಗೆಗೆ ಹುಳಿ ಸರಿಯಾಗಿ ತಿಳಿಯದಿದ್ದರೂ ಒಲೆಯ ಮೇಲಿಟ್ಟೊಡನೆ ಒಡೆಯುವ ಒಂದು ಹಂತವುಂಟು. ನಮ್ಮ ಮನೆಗಳಲ್ಲಿ ಇದನ್ನು ಮೊದಲು ಹೇಳುವುದು ಕಾಫಿ. ಡಿಕಾಕ್ಷನ್ನಿನಲ್ಲಿ ಸ್ವಾಭಾವಿಕವಾಗಿಯೇ ಆಮ್ಲವಿದೆ, ಅದು ಬಿಸಿಯಾಗಿಯೂ ಇರುತ್ತದೆ. ಲೋಟದಲ್ಲಿ ನೋಡಲು ಸರಿಯಾಗಿದ್ದ ಹಾಲು ಡಿಕಾಕ್ಷನ್ ಬಿದ್ದೊಡನೆ ಚೂರುಚೂರಾಯಿತೆಂದರೆ ದೋಷ ಕಾಫಿ ಪುಡಿಯದಲ್ಲ. (ಪುಡಿ ನಮ್ಮ ಸಂಘದ್ದೇ ಆಗಿದ್ದರೆ ಮೊದಲ ದೂರು ನನಗೆ ಬರುತ್ತದೆ, ಆದುದರಿಂದ ಹೇಳಿದೆ.) ಸಂದೇಹವಿದ್ದಾಗ ಒಂದು ಚಮಚ ಹಾಲನ್ನು ಸೌಟಿನಲ್ಲಿ ಬೇರೆಯಾಗಿ ಕುದಿಸಿ ನೋಡಿದರೆ ಇಡೀ ಪಾತ್ರೆಯ ಹಾಲು ಒಡೆಯುವುದು ತಪ್ಪುತ್ತದೆ.

ಹಾಲಿನ ಆಯುಷ್ಯ ನಿರ್ಧಾರವಾಗುವುದು ಅಡುಗೆಮನೆಯಲ್ಲಿ ಎಂದು ನಾವು ತಿಳಿದಿದ್ದೇವೆ. ವಾಸ್ತವವಾಗಿ ಅದು ನಿರ್ಧಾರವಾಗುವುದು ಕೊಟ್ಟಿಗೆಯಲ್ಲಿ, ಕರೆದ ಮೊದಲ ಎರಡು ಗಂಟೆಗಳಲ್ಲಿ. ಕೆಚ್ಚಲಿನಿಂದ ಬರುವ ಹಾಲು 37-38 ಡಿಗ್ರಿ ಬೆಚ್ಚಗಿರುತ್ತದೆ. ಸೂಕ್ಷ್ಮಜೀವಿಗಳಿಗೆ ಅದಕ್ಕಿಂತ ಹಿತವಾದ ಹಾಸಿಗೆಯಿಲ್ಲ. ಆರೋಗ್ಯವಂತ ಹಸುವಿನ ಹಾಲಿಗೆ ಅವುಗಳನ್ನು ತಡೆಯುವ ಒಂದು ಸಹಜ ಶಕ್ತಿ ಇದೆ. ಆದರೆ ಬೆಚ್ಚಗಿರುವ ಹಾಲಿನಲ್ಲಿ ಅದು ಸುಮಾರು ಎರಡು ಗಂಟೆ ಮಾತ್ರ ನಿಲ್ಲುತ್ತದೆ. ಬೇಗ ತಣಿಸಿದರೆ ಇನ್ನಷ್ಟು ಹೊತ್ತು ಕಾಯುತ್ತದೆ. ಆ ಕಾವಲು ಮುಗಿದ ಮೇಲೆ ಲೆಕ್ಕ ಬೇರೆ. ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುವ ಜೀವಿ ಒಂದಿದ್ದರೆ ಆರು ಗಂಟೆಯಲ್ಲಿ 4096 ಆಗುತ್ತದೆ. ತೊಳೆಯದ ಕ್ಯಾನಿನ ಕಂಠದಲ್ಲಿ ಅವು ಮೊದಲೇ ಲಕ್ಷಗಟ್ಟಲೆ ಕುಳಿತಿದ್ದರೆ ಎಷ್ಟಾದೀತೆಂದು ಓದುಗರೇ ಗುಣಿಸಿಕೊಳ್ಳಲಿ.

ನಮ್ಮ ಸದಸ್ಯರೊಬ್ಬರ ಹಾಲು ಡೈರಿಯಲ್ಲಿ ಒಂದೇ ತಿಂಗಳಲ್ಲಿ ಮೂರು ಸಲ ತಿರಸ್ಕೃತವಾಯಿತು. ಹಿಂಡಿ ಬದಲಿಸಿದರು, ಹಸುವಿಗೆ ದೃಷ್ಟಿ ತೆಗೆಸಿದರು, ಪರೀಕ್ಷೆ ಮಾಡುವ ಹುಡುಗನೊಡನೆ ಜಗಳವನ್ನೂ ಆಡಿದರು. ಕಾರಣವಿದ್ದುದು ಕಿರುಬಾಯಿಯ ಪ್ಲಾಸ್ಟಿಕ್ ಕ್ಯಾನಿನಲ್ಲಿ. ಒಳಗೆ ಕೈ ಹೋಗುವುದಿಲ್ಲ, ಗೀರುಗಳಲ್ಲಿ ಹಳೆಯ ಹಾಲು ಕಟ್ಟಿಕೊಂಡಿತ್ತು. ಅಗಲ ಬಾಯಿಯ ಸ್ಟೀಲ್ ಪಾತ್ರೆಗೆ ಬದಲಾದ ಮೇಲೆ ದೂರು ನಿಂತಿತು. ಹಾಲಿನ ಪಾತ್ರೆಯನ್ನು ಮೊದಲು ತಣ್ಣೀರಿನಲ್ಲಿ ಜಾಲಿಸಿ, ಆಮೇಲೆ ಸೋಪಿನಿಂದ ಉಜ್ಜಿ, ಕೊನೆಗೆ ಕುದಿಯುವ ನೀರು ಹೊಯ್ದು, ಮಗುಚಿ ಬಿಸಿಲಿಗೆ ಒಣಗಿಸಬೇಕು. ಮೊದಲೇ ಬಿಸಿನೀರು ಹಾಕಿದರೆ ಹಾಲಿನ ಅಂಶ ಪಾತ್ರೆಗೆ ಅಂಟಿಕೊಳ್ಳುತ್ತದೆ. ಮೊಸರಿನ ಪಾತ್ರೆಯನ್ನು ಹಾಲಿಗೆ ಬಳಸಲೇಕೂಡದು. ಕರೆಯುವಾಗ ಪ್ರತಿ ಮೊಲೆಯ ಮೊದಲ ಒಂದೆರಡು ಸೆಳೆಯನ್ನು ಬೇರೆ ಬಟ್ಟಲಿಗೆ ತೆಗೆದು ಚೆಲ್ಲುವುದು, ಕೆಚ್ಚಲನ್ನು ತೊಳೆದು ಒರೆಸುವುದು, ಇವು ಎಲ್ಲರಿಗೂ ಗೊತ್ತಿರುವ ಮಾತು, ಮಾಡುವವರು ಕಡಿಮೆ.

ಇನ್ನು ಅವಧಿಯ ಪ್ರಶ್ನೆ. ಶುಚಿಯಾಗಿ ಕರೆದ ಹಸಿಹಾಲು ಮಾರ್ಚ್-ಏಪ್ರಿಲ್ ತಿಂಗಳ ಸೆಕೆಯಲ್ಲಿ ನಾಲ್ಕರಿಂದ ಆರು ಗಂಟೆ ತಡೆದೀತು. ಅಂದರೆ ಬೆಳಿಗ್ಗೆ ಆರಕ್ಕೆ ಕರೆದದ್ದನ್ನು ಮಧ್ಯಾಹ್ನದವರೆಗೆ ಕಾಸದೆ ಇಟ್ಟರೆ ನಂಬುವಂತಿಲ್ಲ. ಘಟ್ಟದ ಮೇಲಿನ ಮಳೆಗಾಲದ ಥಂಡಿಯಲ್ಲಿ ಇನ್ನೂ ಕೆಲವು ಗಂಟೆ ಹೆಚ್ಚು ಬಾಳುತ್ತದೆ. ಕಾಸಿ ಬೇಗ ತಣಿಸಿ ಮುಚ್ಚಿಟ್ಟ ಹಾಲು ಬೇಸಿಗೆಯಲ್ಲಿ ಸಂಜೆಯವರೆಗೆ ಬಂದೀತು. ಮರುದಿನಕ್ಕೆ ಬೇಕಿದ್ದರೆ ಅದು ಬೆಚ್ಚಗೆ ಕುಳಿತುಕೊಳ್ಳುವ ಮೊದಲೇ ಫ್ರಿಜ್ ಸೇರಬೇಕು. 4-5 ಡಿಗ್ರಿಯಲ್ಲಿ ನಡೆಯುವ ಫ್ರಿಜ್‌ನಲ್ಲಿ ಕಾಸಿದ ಹಾಲು ಎರಡು-ಮೂರು ದಿನ ಉಳಿಯುತ್ತದೆ. ಅದನ್ನು ಒಳಗಡೆ ಇಡಬೇಕು, ಬಾಗಿಲಿನಲ್ಲಲ್ಲ. ಬಾಗಿಲು ತೆರೆದಾಗಲೆಲ್ಲ ಬಿಸಿಗಾಳಿ ಮೊದಲು ಬಡಿಯುವುದು ಅಲ್ಲಿಗೇ. ಪ್ಯಾಕೆಟ್ ಹಾಲನ್ನು ಡೈರಿಯಲ್ಲಿ 72 ಡಿಗ್ರಿಗೆ 15 ಸೆಕೆಂಡು ಕಾಯಿಸಿ ತಣಿಸಿರುತ್ತಾರೆ. ಪ್ಯಾಕೆಟ್ಟಿನ ಮೇಲೆ ಅಚ್ಚಾಗಿರುವ ದಿನಾಂಕ ತಂಪು ತಪ್ಪದಿದ್ದರೆ ಮಾತ್ರ ಸತ್ಯ. ನಮ್ಮೂರಿಗೆ ಅದು ಬಸ್ಸಿನಲ್ಲಿ ಬಂದು, ಅಂಗಡಿಯ ಕ್ರೇಟಿನಲ್ಲಿ ಎರಡು ಗಂಟೆ ಕಾದು ಮನೆ ಸೇರುವುದರಿಂದ, ತಂದೊಡನೆ ಕಾಸುವುದೇ ಕ್ಷೇಮ. ತಿಂಗಳುಗಟ್ಟಲೆ ಹೊರಗಿಡಬಹುದಾದ ಯುಎಚ್‌ಟಿ ಹಾಲನ್ನು 135 ಡಿಗ್ರಿಗೂ ಮೇಲೆ ಕೆಲವೇ ಸೆಕೆಂಡು ಕಾಯಿಸಿ, ಸೂಕ್ಷ್ಮಜೀವಿರಹಿತ ಪೊಟ್ಟಣದಲ್ಲಿ ತುಂಬಿರುತ್ತಾರೆ. ಪೊಟ್ಟಣ ಕತ್ತರಿಸಿದ ಗಳಿಗೆಯಿಂದ ಅದೂ ಉಳಿದ ಹಾಲಿನಂತೆಯೇ.

ನಮ್ಮ ಅಜ್ಜಿಯರು ಕಾಸಿದ ಹಾಲನ್ನು ಬೂದಿ ಮುಚ್ಚಿದ ಕೆಂಡದ ಮೇಲೆ ಇಡೀ ದಿನ ಇಡುತ್ತಿದ್ದರು, ಅದು ಕೆಡುತ್ತಿರಲಿಲ್ಲ. ಅದರಲ್ಲಿ ಶಾಸ್ತ್ರವಿದೆ. 60 ಡಿಗ್ರಿಗೆ ಮೇಲ್ಪಟ್ಟು ಬಿಸಿಯಾಗಿಯೇ ಉಳಿದ ಹಾಲಿನಲ್ಲಿ ಈ ಜೀವಿಗಳು ಬೆಳೆಯಲಾರವು. ಕೆಡುವುದು ಬೆಚ್ಚಗಿನ ಹಾಲು. ಹಾಲು ಒಂದೋ ಮುಟ್ಟಲಾಗದಷ್ಟು ಬಿಸಿಯಾಗಿರಬೇಕು, ಇಲ್ಲವೇ ತಣ್ಣಗಿರಬೇಕು. ಕೆಂಡ ಆರಿದ ಒಲೆಯ ಮೇಲೆ ರಾತ್ರಿಯಿಡೀ ಕುಳಿತ ಪಾತ್ರೆ, ಮಗುವಿಗೆಂದು ಉಗುರುಬೆಚ್ಚಗೆ ಮಾಡಿ ಫ್ಲಾಸ್ಕಿನಲ್ಲಿ ತುಂಬಿಟ್ಟ ಹಾಲು, ಇವೆರಡೂ ನಡುವಿನ ಅಪಾಯದ ಸ್ಥಳದಲ್ಲಿವೆ. ಮಗುವಿನ ಹಾಲನ್ನು ಆಯಾ ಹೊತ್ತಿಗೆ ಬೆಚ್ಚಗೆ ಮಾಡಿಕೊಡುವುದು ತ್ರಾಸವೇ ಸರಿ, ಆದರೂ ಹಾಗೆಯೇ ಮಾಡತಕ್ಕದ್ದು.

ಈಗ ಆ ತಾಯಿಯವರ ಪ್ರಶ್ನೆಗೆ ಬರೋಣ. ಹುಳಿಯಾಗಿಲ್ಲ, ಆದುದರಿಂದ ಕೆಟ್ಟಿಲ್ಲ ಎಂಬುದು ಹಸಿಹಾಲಿನ ಕಾಲದ ತರ್ಕ. ಹಾಲನ್ನು ಕಾಸಿದಾಗ ಹುಳಿ ಮಾಡುವ ಜೀವಿಗಳು ಸಾಯುತ್ತವೆ; ಆದರೆ ಗಟ್ಟಿ ಕವಚದ ಬೀಜಾಣುಗಳಾಗಿ ಅಡಗಿರುವ ಕೆಲವು ಜಾತಿಗಳು ಕುದಿತವನ್ನೂ ತಾಳಿಕೊಳ್ಳುತ್ತವೆ. ಹಾಲು ಆರಿದ ಮೇಲೆ ಅವು ಮೊಳೆತು ಬೆಳೆಯುತ್ತವೆ. ಆಗ ಹಾಲು ಹುಳಿಯಾಗುವ ಬದಲು ಕಹಿಯಾಗಬಹುದು, ಸಿಹಿಯಾಗಿದ್ದಂತೆಯೇ ಒಡೆಯಬಹುದು, ಅಥವಾ ಹೊರಗೆ ಏನನ್ನೂ ತೋರಿಸದೆ ಕೆಟ್ಟಿರಬಹುದು. ಹುಳಿ ಒಂದು ಎಚ್ಚರಿಕೆಯ ಗಂಟೆ; ಕಾಸಿದ ಹಾಲಿನಲ್ಲಿ ಆ ಗಂಟೆಯನ್ನು ನಾವೇ ಬಿಚ್ಚಿಟ್ಟಿರುತ್ತೇವೆ. ಮತ್ತೊಮ್ಮೆ ಕುದಿಸಿದರೆ ಜೀವಿಗಳೇನೋ ಸಾಯುತ್ತವೆ, ಆದರೆ ಕೆಲವು ಜೀವಿಗಳು ಬಿಟ್ಟ ವಿಷ ಸಾಯುವುದಿಲ್ಲ. ಕೈಯ ಹುಣ್ಣಿನಿಂದಲೋ ಕೆಚ್ಚಲುಬಾವಿನ ಹಸುವಿನಿಂದಲೋ ಬರುವ ಸ್ಟೆಫಿಲೊಕಾಕಸ್ ಬಿಡುವ ವಿಷ ಕುದಿತವನ್ನು ತಡೆದುಕೊಳ್ಳುವಂಥದು. ದೊಡ್ಡವರಿಗೆ ಒಂದು ರಾತ್ರಿಯ ವಾಂತಿಭೇದಿಯಲ್ಲಿ ಮುಗಿಯುವುದು ಹಸುಳೆಗೆ ಜೀವದ ಮೇಲೆ ಬರಬಹುದು, ಅದರಲ್ಲೂ ಮಳೆಗೆ ದಾರಿ ಕಟ್ಟಿ ಆಸ್ಪತ್ರೆಗೆ ಹೋಗಲಾಗದ ದಿನಗಳಲ್ಲಿ. ಬಾಗಿಲು ತೆರೆಯದೆ ಬಿಟ್ಟ ಫ್ರಿಜ್ ಕರೆಂಟು ಹೋದ ಮೇಲೆ ನಾಲ್ಕು ಗಂಟೆಯಷ್ಟು ತಂಪನ್ನು ಹಿಡಿದಿಟ್ಟುಕೊಳ್ಳುತ್ತದೆ. ಎರಡು ದಿನವೆಂದರೆ ಅದು ಬರಿಯ ಕಪಾಟು.

ಕರೆಂಟಿಲ್ಲದ ದಿನಗಳಲ್ಲಿ ಮಾಡುವುದೇನು? ಹೊತ್ತು ಹೊತ್ತಿಗೆ ಬೇಕಾದಷ್ಟೇ ಹಾಲು ಉಳಿಸಿಕೊಂಡು ಮಿಕ್ಕಿದ್ದಕ್ಕೆ ಅಂದೇ ಹೆಪ್ಪು ಹಾಕಿಬಿಡುವುದು ಮೊದಲ ಉಪಾಯ. ಎರಡನೆಯದು ನೀರು. ಕಾಸಿದ ಪಾತ್ರೆಯನ್ನು ಮುಚ್ಚಿ, ಹರಿಯುವ ಅಬ್ಬಿ ನೀರಿನಲ್ಲಿ ಅಥವಾ ಬಾವಿಯ ನೀರು ತುಂಬಿದ ಅಗಲ ಬೋಗುಣಿಯಲ್ಲಿ ಕುತ್ತಿಗೆಯವರೆಗೆ ಇಳಿಸಿ, ನೀರನ್ನು ಒಂದೆರಡು ಸಲ ಬದಲಿಸಿದರೆ, ಗಾಳಿಯಲ್ಲಿ ಗಂಟೆಗಟ್ಟಲೆ ಹಿಡಿಯುವ ತಣಿಯುವಿಕೆ ಸ್ವಲ್ಪ ಹೊತ್ತಿನಲ್ಲೇ ಆಗುತ್ತದೆ. ಒದ್ದೆ ಬಟ್ಟೆ ಸುತ್ತುವ ಕ್ರಮ ಬೇಸಿಗೆಗೆ ಒಳ್ಳೆಯದು. ಆಷಾಢದ ತೇವದ ಗಾಳಿಯಲ್ಲಿ ಬಟ್ಟೆ ಆರುವುದೇ ಇಲ್ಲ, ಆರದಿದ್ದರೆ ತಂಪೂ ಇಲ್ಲ.

ಎರಡು ಕೆಟ್ಟ ಅಭ್ಯಾಸಗಳ ಬಗ್ಗೆ ಖಂಡಿತವಾಗಿ ಹೇಳಬೇಕಾಗಿದೆ. ಬೆಳಗಿನ ಮಿಕ್ಕ ಹಾಲನ್ನು ಸಂಜೆಯ ಹಾಲಿಗೆ ಸೇರಿಸುವುದು ಒಂದು. ಅದು ಹಳೆಯದನ್ನು ಉಳಿಸುವುದಿಲ್ಲ, ಹೊಸದಕ್ಕೆ ಹೆಪ್ಪು ಹಾಕುತ್ತದೆ. ಒಡೆಯದಿರಲೆಂದು ಚಿಟಿಕೆ ಅಡುಗೆ ಸೋಡಾ ಹಾಕುವುದು ಇನ್ನೊಂದು. ಸೋಡಾ ಹುಳಿಯನ್ನು ಮರೆಸುತ್ತದೆ, ಜೀವಿಗಳನ್ನು ಕೊಲ್ಲುವುದಿಲ್ಲ. ಆಮ್ಲ ಕಡಿಮೆಯಾದುದರಿಂದ ಅವು ಇನ್ನೂ ಚೆನ್ನಾಗಿ ಬೆಳೆಯುತ್ತವೆ. ಡೈರಿಗೆ ಹಾಕುವ ಹಾಲಿಗೆ ಇದನ್ನು ಬೆರೆಸಿದರೆ ಕಾನೂನಿನ ಪ್ರಕಾರ ಅದು ಕಲಬೆರಕೆ. ಹಸಿಹಾಲು ಪುಷ್ಟಿಯೆಂದು ಕಾಸದೆ ಕುಡಿಯುವವರು ಕೂಡ ಇದ್ದಾರೆ. ದನದ ಕ್ಷಯವೂ, ಕಂದು ಹಾಕಿಸುವ ಬ್ರುಸೆಲ್ಲಾ ರೋಗವೂ ಹಸಿಹಾಲಿನಿಂದ ಮನುಷ್ಯರಿಗೆ ಹರಡುತ್ತವೆ. ಒಂದು ಕುದಿ ಬಂದರೆ ಅವೆರಡರ ಭಯವೂ ಇಲ್ಲ.

ಕರೆದ ದಿನವೇ, ಕಾಸುವಾಗ ಒಡೆದ ಹಾಲನ್ನು ಚೆಲ್ಲಬೇಕಾಗಿಲ್ಲ. ಬಟ್ಟೆಯಲ್ಲಿ ಸೋಸಿ, ಬೆಲ್ಲ ಏಲಕ್ಕಿ ಹಾಕಿ ಬಾಡಿಸಿದರೆ ಮಕ್ಕಳು ಇಷ್ಟಪಟ್ಟು ತಿನ್ನುತ್ತಾರೆ. ಕಹಿಯಾದದ್ದು, ನೂಲಿನಂತೆ ಎಳೆ ಬರುವುದು, ಕೊಳೆತ ವಾಸನೆಯದು ಮಾತ್ರ ಯಾರ ಹೊಟ್ಟೆಗೂ ಬೇಡ, ನಾಯಿ ಬೆಕ್ಕಿಗೂ ಬೇಡ. ಅದನ್ನು ಗೊಬ್ಬರದ ಗುಂಡಿಗೆ ಸುರಿದು, ಪಾತ್ರೆಗೆ ಕುದಿನೀರು ಹೊಯ್ಯಿರಿ.