ಜಾಲತಾಣದಲ್ಲಿ ಲಗತ್ತು ಕಡತಗಳ ಲಿಂಕು: ನಾಗರಿಕರಿಗೆ ಅರ್ಥವಾಗುವಂತೆ ತೋರಿಸುವ ವಿಧಾನ



ಪಂಚಾಯಿತಿಯ ಸೂಚನಾ ಫಲಕದಲ್ಲಿ ಪ್ರಕಟಣೆಯನ್ನು ಬರಹ ಗೋಡೆಯ ಕಡೆಗಿರುವಂತೆ ಯಾರೂ ಅಂಟಿಸುವುದಿಲ್ಲ. ಆದರೆ ಜಾಲತಾಣದಲ್ಲಿ ನಾವು ಬಹಳ ಸಲ ಅದನ್ನೇ ಮಾಡುತ್ತಿದ್ದೇವೆ. ಗ್ರಾಮ ಸಭೆಯ ನಡಾವಳಿ, ಕ್ರಿಯಾ ಯೋಜನೆ, ಟೆಂಡರ್ ಪ್ರಕಟಣೆ ಎಲ್ಲವೂ ಅಲ್ಲಿರುತ್ತವೆ, ನೋಡುವವರಿಗೆ ಕಾಣುವುದು ಮಾತ್ರ "ಸ್ಕ್ಯಾನ್0012.ಪಿಡಿಎಫ್" ಎಂಬ ಹೆಸರು.

ನಾನು ಈ ಹಿಂದೆ ಕರ್ತವ್ಯ ನಿರ್ವಹಿಸಿದ ಪಂಚಾಯಿತಿಯೊಂದರಲ್ಲಿ ವಸತಿ ಫಲಾನುಭವಿಗಳ ಕರಡು ಪಟ್ಟಿಯನ್ನೂ ಆನಂತರ ಪರಿಷ್ಕೃತ ಪಟ್ಟಿಯನ್ನೂ ಒಂದೇ ಪುಟದಲ್ಲಿ ಪ್ರಕಟಿಸಿದ್ದೆವು. ಎರಡು ಲಿಂಕುಗಳಿಗೂ ಸ್ಕ್ಯಾನರ್ ಕೊಟ್ಟ ಹೆಸರೇ ಇತ್ತು. ಕೂಲಿ ಮಾಡುವ ಮಹಿಳೆಯೊಬ್ಬರು ಮಗನ ಮೊಬೈಲಿನಲ್ಲಿ ಮೊದಲನೆಯದನ್ನು ತೆರೆಸಿ, ತಮ್ಮ ಹೆಸರಿದೆಯೆಂದು ನೆಮ್ಮದಿಯಿಂದಿದ್ದರು. ಪರಿಷ್ಕೃತ ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗಿರುವುದು ಅವರಿಗೆ ತಿಳಿಯುವ ಹೊತ್ತಿಗೆ ಆಕ್ಷೇಪಣೆಯ ಅವಧಿ ಮುಗಿದಿತ್ತು. ದಾಖಲೆಯ ಪ್ರಕಾರ ನಾವು ಪಟ್ಟಿಯನ್ನು ಪ್ರಕಟಿಸಿದ್ದೆವು. ಅವರಿಗೆ ವಿಷಯ ತಿಳಿಸಿರಲಿಲ್ಲ. ಆ ಲೋಪ ನನ್ನದು. ಈ ಪಾಠವನ್ನು ಬರೆಯಲು ಅದೇ ಕಾರಣ.

1. ನಿಯಮ ಏನು ಹೇಳುತ್ತದೆ

ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 4(1)(ಬಿ) ಸಾರ್ವಜನಿಕ ಪ್ರಾಧಿಕಾರಗಳು ತಾವಾಗಿಯೇ ಪ್ರಕಟಿಸಬೇಕಾದ 17 ಬಗೆಯ ಮಾಹಿತಿಯನ್ನು ಪಟ್ಟಿ ಮಾಡಿದೆ. ಮಾಹಿತಿಯನ್ನು ಪ್ರಸಾರ ಮಾಡುವಾಗ ಸ್ಥಳೀಯ ಭಾಷೆಯನ್ನೂ ಆ ಪ್ರದೇಶದಲ್ಲಿ ಪರಿಣಾಮಕಾರಿಯಾದ ಸಂವಹನ ವಿಧಾನವನ್ನೂ ಗಮನಿಸಬೇಕೆಂದು ಪ್ರಕರಣ 4(4) ಹೇಳುತ್ತದೆ. ಅರ್ಥವಾಗದ ಲಿಂಕು ಈ ಆಶಯವನ್ನು ಈಡೇರಿಸುವುದಿಲ್ಲ. ದೃಷ್ಟಿದೋಷವುಳ್ಳವರು ಪರದೆಯನ್ನು ಓದಿ ಹೇಳುವ ತಂತ್ರಾಂಶವನ್ನು ಬಳಸುತ್ತಾರೆ. ಅದು ಲಿಂಕಿನಲ್ಲಿ ಇರುವುದನ್ನಷ್ಟೇ ಓದುತ್ತದೆ. ಅಂಕಿಗಳಿದ್ದರೆ ಅಂಕಿಗಳನ್ನೇ ಕೇಳಿಸುತ್ತದೆ.

2. ಲಿಂಕಿನಲ್ಲಿ ಇರಬೇಕಾದ ಅಂಶಗಳು

ದಾಖಲೆಯ ಹೆಸರು, ಅದಕ್ಕೆ ಸಂಬಂಧಿಸಿದ ವರ್ಷ ಅಥವಾ ದಿನಾಂಕ, ಅದು ಕರಡೋ ಅಂತಿಮವೋ ಎಂಬ ವಿವರ, ಕಡತದ ಬಗೆ ಮತ್ತು ಗಾತ್ರ. ಉದಾಹರಣೆಗೆ:

"ವಸತಿ ಫಲಾನುಭವಿಗಳ ಪರಿಷ್ಕೃತ ಪಟ್ಟಿ, 2024-25 (ಪಿಡಿಎಫ್, 420 ಕೆಬಿ)"

ಆಕ್ಷೇಪಣೆಗೆ ಅವಕಾಶವಿದ್ದಲ್ಲಿ ಕೊನೆಯ ದಿನಾಂಕವನ್ನೂ ಇಲ್ಲಿಯೇ ಸೇರಿಸುವುದು. ನೆಟ್‌ವರ್ಕ್ ದುರ್ಬಲವಾಗಿರುವ ಊರುಗಳಲ್ಲಿ ಗಾತ್ರ ತಿಳಿದಿದ್ದರೆ ಕಡತವನ್ನು ಈಗ ತೆರೆಯಬಹುದೇ ಎಂಬುದನ್ನು ನಾಗರಿಕರೇ ನಿರ್ಧರಿಸಿಕೊಳ್ಳುತ್ತಾರೆ.

3. ಅಳವಡಿಸುವ ಕ್ರಮ

ಜಾಲತಾಣದ ವಿಷಯವನ್ನು ನಿರ್ವಹಿಸುವ ತಂತ್ರಾಂಶಗಳು ಹಲವಾರು ಇವೆ. ಅನೇಕ ಸರ್ಕಾರಿ ಜಾಲತಾಣಗಳಲ್ಲಿ ಬಳಕೆಯಲ್ಲಿರುವ, ಉಚಿತವಾಗಿ ದೊರೆಯುವ ಡ್ರೂಪಲ್ ಅನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದೆ. ಕೆಳಗಿನ ಮೊದಲ ಎರಡು ಹಂತಗಳನ್ನು ಜಾಲತಾಣದ ನಿರ್ವಾಹಕರು ಒಂದು ಬಾರಿ ಮಾಡಿದರೆ ಸಾಕು.

(ಅ) "ಸ್ಟ್ರಕ್ಚರ್" ಮೆನುವಿನ "ಕಂಟೆಂಟ್ ಟೈಪ್ಸ್" ಅಡಿಯಲ್ಲಿ ಪ್ರಕಟಣೆಯ ಬಗೆಯನ್ನು ಆರಿಸಿ, "ಮ್ಯಾನೇಜ್ ಫೀಲ್ಡ್ಸ್"ಗೆ ಹೋಗಿ, ಲಗತ್ತಿನ ಫೀಲ್ಡಿನಲ್ಲಿ "ಎನೇಬಲ್ ಡಿಸ್ಕ್ರಿಪ್ಶನ್ ಫೀಲ್ಡ್" ಎಂಬಲ್ಲಿ ಗುರುತು ಹಾಕುವುದು. ಆಗ ಪ್ರತಿ ಕಡತದ ಜೊತೆ ವಿವರಣೆ ಬರೆಯುವ ಜಾಗ ಬರುತ್ತದೆ. ಅಲ್ಲಿ ಬರೆದುದು ಕಡತದ ಹೆಸರಿನ ಬದಲು ಲಿಂಕಾಗಿ ಕಾಣುತ್ತದೆ.

(ಆ) "ಮ್ಯಾನೇಜ್ ಡಿಸ್‌ಪ್ಲೇ" ಪುಟದಲ್ಲಿ ಅದೇ ಫೀಲ್ಡಿಗೆ ತೋರಿಕೆಯ ಬಗೆಯನ್ನು ಆರಿಸುವುದು. "ಜೆನೆರಿಕ್ ಫೈಲ್" ಎಂದರೆ ಒಂದು ಲಿಂಕು. "ಟೇಬಲ್ ಆಫ್ ಫೈಲ್ಸ್" ಎಂದರೆ ಲಗತ್ತು ಮತ್ತು ಗಾತ್ರ ಎಂಬ ಕಾಲಂಗಳ ಕೋಷ್ಟಕ. ಹೆಚ್ಚು ಕಡತಗಳಿರುವ ಪುಟಕ್ಕೆ ಇದು ಸೂಕ್ತ. "ಯುಆರ್‌ಎಲ್ ಟು ಫೈಲ್" ಬರಿಯ ವಿಳಾಸವನ್ನು ತೋರಿಸುವುದರಿಂದ ನಾಗರಿಕರ ಪುಟಕ್ಕೆ ಬೇಡ.

(ಇ) ಡಾಟಾ ಎಂಟ್ರಿ ಆಪರೇಟರ್ ಪ್ರತಿ ಕಡತವನ್ನು ಸೇರಿಸುವಾಗ ವಿವರಣೆಯನ್ನು ಕನ್ನಡದಲ್ಲಿ, ಯೂನಿಕೋಡ್‌ನಲ್ಲಿಯೇ ಟೈಪ್ ಮಾಡತಕ್ಕದ್ದು. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನ ಬರಹವನ್ನು ನಕಲು ಮಾಡಿ ಹಾಕಿದರೆ ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ.

(ಈ) ಪರಿಷ್ಕೃತ ದಾಖಲೆಯನ್ನು ಸೇರಿಸಿದಾಗ ಅದನ್ನು ಮೇಲಕ್ಕೆ ತರುವುದು ಮತ್ತು ಹಳೆಯದರ ವಿವರಣೆಯಲ್ಲಿ "ಕರಡು, ಈಗ ಊರ್ಜಿತದಲ್ಲಿಲ್ಲ" ಎಂದು ಬರೆಯುವುದು. ಒಂದೇ ಹೆಸರಿನ ಕಡತ ಮತ್ತೆ ಬಂದರೆ ತಂತ್ರಾಂಶವು ಹಳೆಯದನ್ನು ತಾನಾಗಿ ಅಳಿಸುವುದಿಲ್ಲ. ಹೊಸದಕ್ಕೆ ಅಂಕಿ ಸೇರಿಸಿ ಎರಡನ್ನೂ ಇಟ್ಟುಕೊಳ್ಳುತ್ತದೆ.

(ಉ) ಲಿಂಕಿನ ರೂಪವನ್ನು ಇನ್ನೂ ಬದಲಿಸಬೇಕಿದ್ದರೆ ನಿರ್ವಾಹಕರು ಮೂಲ ಟೆಂಪ್ಲೇಟನ್ನು ತಿದ್ದಬಾರದು. ಮುಂದಿನ ಅಪ್‌ಡೇಟ್‌ನಲ್ಲಿ ಆ ತಿದ್ದುಪಡಿ ಅಳಿಸಿಹೋಗುತ್ತದೆ. ಅದರ ಪ್ರತಿಯನ್ನು ನಮ್ಮ ಥೀಮಿನ ಫೋಲ್ಡರಿಗೆ ತಂದು ಅಲ್ಲಿ ಬದಲಿಸಿ, ಆನಂತರ ಕ್ಯಾಶೆಯನ್ನು ತೆರವುಗೊಳಿಸುವುದು.

4. ಸದಸ್ಯರು ಮಾಡಬಹುದಾದುದು

ತಂತ್ರಾಂಶದ ಕೆಲಸ ಸಿಬ್ಬಂದಿಯದು. ಅದು ಸರಿಯಾಗಿದೆಯೇ ಎಂದು ಕೇಳುವ ಅಧಿಕಾರ ತಮ್ಮದು. ಮುಂದಿನ ಸಾಮಾನ್ಯ ಸಭೆಯಲ್ಲಿ ಈ ಕೆಳಗಿನಂತೆ ನಿರ್ಣಯ ಕೈಗೊಳ್ಳಬಹುದು:

"ಪಂಚಾಯಿತಿಯ ವತಿಯಿಂದ ಜಾಲತಾಣದಲ್ಲಿ ಪ್ರಕಟವಾಗುವ ಪ್ರತಿ ಲಗತ್ತಿನ ಲಿಂಕಿನಲ್ಲಿ ದಾಖಲೆಯ ಹೆಸರು, ವರ್ಷ, ಸ್ಥಿತಿ, ಕಡತದ ಬಗೆ ಮತ್ತು ಗಾತ್ರವನ್ನು ಕನ್ನಡದಲ್ಲಿ ನಮೂದಿಸತಕ್ಕದ್ದು."

ನಿರ್ಣಯದ ನಂತರ ಒಂದು ಸರಳ ಪರೀಕ್ಷೆ ಮಾಡಿ. ತಮ್ಮ ವಾರ್ಡಿನ ಒಬ್ಬರ ಕೈಗೆ ಮೊಬೈಲ್ ಕೊಟ್ಟು, ಇತ್ತೀಚಿನ ಫಲಾನುಭವಿಗಳ ಪಟ್ಟಿಯನ್ನು ಹುಡುಕಲು ಹೇಳಿ. ಯಾರನ್ನೂ ಕೇಳದೆ, ಯಾವ ಕಡತವನ್ನೂ ತೆರೆಯುವ ಮುನ್ನವೇ ಅವರು ಸರಿಯಾದ ಲಿಂಕನ್ನು ಗುರುತಿಸಿದರೆ ನಮ್ಮ ಕೆಲಸ ಆಗಿದೆ ಎಂದರ್ಥ. ಗುರುತಿಸದಿದ್ದರೆ ತಮ್ಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಯನ್ನು ಕೇಳಿ. ಸರಿಪಡಿಸಲು ಕಡತಕ್ಕೆ ಹೆಚ್ಚು ಸಮಯ ಬೇಕಾಗುವುದಿಲ್ಲ, ವಿವರಣೆಯ ಒಂದು ಸಾಲು ಸಾಕು.