ಅಚ್ಚು ಬಿದ್ದಲ್ಲಿ ಬಿಗಿ, ಉಳಿದಲ್ಲಿ ಮೃದು

ಅಂಗಡಿಯವರು ಕೊಡುವ ‘ಬಟ್ಟೆ’ ಚೀಲವನ್ನು ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ವಜ್ರಾಕೃತಿಯ ಚುಕ್ಕೆಗಳು ಸಾಲಾಗಿ ಕಾಣುತ್ತವೆ. ಅಂದಕ್ಕೆಂದು ಒತ್ತಿದ್ದು ಎಂದೇ ಬಹಳ ಜನರ ಎಣಿಕೆ. ನಮ್ಮಲ್ಲಿಗೆ ರೋಲ್ ಕೊಳ್ಳಲು ಬರುವವರಲ್ಲೂ ಹಲವರು ಹಾಗೇ ತಿಳಿದಿರುತ್ತಾರೆ. ಈ ಬಟ್ಟೆ ತಯಾರಾಗುವ ಸ್ಪನ್‌ಬಾಂಡ್ ಲೈನಿನಲ್ಲಿ ಶಿಫ್ಟ್ ನೋಡಿಕೊಂಡು ಬಂದ ನನ್ನನ್ನು ಕೇಳಿದರೆ ಆ ಚುಕ್ಕೆಗಳಿಂದಲೇ ಅದು ಬಟ್ಟೆ, ಇಲ್ಲದಿದ್ದರೆ ಬರೀ ಎಳೆಗಳ ರಾಶಿ. ಅದರಲ್ಲಿ ನೇಯ್ಗೆಯಿಲ್ಲ, ಹೆಣಿಗೆಯಿಲ್ಲ, ಅಂಟೂ ಇಲ್ಲ. ಕೌದಿಯ ಹೊಲಿಗೆಯನ್ನು ನೆನೆಸಿಕೊಳ್ಳಿ: ತೀರಾ ಒತ್ತಾಗಿ ಹಾಕಿದರೆ ಹಲಗೆಯಂತೆ ಸೆಟೆಯುತ್ತದೆ, ವಿರಳವಾದರೆ ಒಳಗಿನ ಪದರ ಜಾರುತ್ತದೆ. ಇಲ್ಲಿ ಹೊಲಿಗೆಯ ಕೆಲಸ ಮಾಡುವುದು ಬಿಸಿ ಮತ್ತು ಒತ್ತಡ.

ಯಂತ್ರ ಅಂತಸ್ತಿನ ಮನೆಯಷ್ಟು ಎತ್ತರ. ಮೇಲ್ಗಡೆ ಪಾಲಿಪ್ರೊಪಿಲೀನ್ ದಾಣೆ 230 ಡಿಗ್ರಿಯ ಆಸುಪಾಸಿನಲ್ಲಿ ಕರಗಿ, ಅರ್ಧ ಮಿಲಿಮೀಟರಿನಷ್ಟು ಸಣ್ಣ ಸಾವಿರಾರು ತೂತುಗಳಿಂದ ಇಳಿಯುತ್ತದೆ. ತಂಪುಗಾಳಿ ತಾಗಿ ಗಟ್ಟಿಯಾಗುತ್ತಲೇ ರಭಸದ ಗಾಳಿ ಅದನ್ನು ಕೆಳಗೆಳೆದು 20 ಮೈಕ್ರಾನ್ ಆಸುಪಾಸಿಗೆ ಸಪೂರ ಮಾಡುತ್ತದೆ. ಕೆಳಗೆ ಓಡುವ ಜಾಲರಿ ಬೆಲ್ಟಿನ ಮೇಲೆ ಎಳೆಗಳು ಅಡ್ಡಾದಿಡ್ಡಿ ಬೀಳುತ್ತವೆ; ಬೆಲ್ಟಿನಡಿಯ ಸಕ್ಷನ್ ಅವನ್ನು ಹಿಡಿದಿಡುತ್ತದೆ. ಆಮೇಲೆ ಕ್ಯಾಲೆಂಡರ್: ಒಂದು ನಯವಾದ ರೋಲ್, ಇನ್ನೊಂದು ಉಬ್ಬು ಚುಕ್ಕೆಗಳ ರೋಲ್, ಎರಡರೊಳಗೂ ಬಿಸಿ ಎಣ್ಣೆ.

ಕ್ಯಾಲೆಂಡರಿನ ಮುಂದೆ ನಿಂತೇ ನಾನು ಈ ಕಸುಬು ಕಲಿತದ್ದು. ಪಾಲಿಪ್ರೊಪಿಲೀನ್ ಕರಗುವುದು 160–165 ಡಿಗ್ರಿಗೆ. ರೋಲಿನ ಮೈ ಅದಕ್ಕಿಂತ ಒಂದಿಷ್ಟು ಕೆಳಗಿರಬೇಕು. ಎಷ್ಟು ಕೆಳಗೆ ಎಂಬುದನ್ನು ಬಟ್ಟೆಯ ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕ) ಮತ್ತು ಲೈನಿನ ವೇಗ ನೋಡಿ ತೀರ್ಮಾನಿಸಬೇಕು. ಬಿಸಿ ಕಡಿಮೆಯಾದರೆ ಹೆಬ್ಬೆರಳಿನಿಂದ ನಾಲ್ಕು ಸಲ ಉಜ್ಜಿದರೆ ಸಾಕು, ನೂಲು ಏಳುತ್ತದೆ. ಹೆಚ್ಚಾದರೆ ಬಟ್ಟೆ ಕಾಗದದಂತೆ ಗರಗರ ಸದ್ದು ಮಾಡುತ್ತದೆ, ಎಳೆದರೆ ಚುಕ್ಕೆಯ ಅಂಚಿನಲ್ಲೇ ಹರಿಯುತ್ತದೆ. ಪ್ಯಾನೆಲಿನಲ್ಲಿ ಕಾಣುವುದು ಎಣ್ಣೆಯ ಉಷ್ಣತೆ, ರೋಲಿನ ಮೈಯದಲ್ಲ. ಒತ್ತಡಕ್ಕೆ ಅಗಲದ ರೋಲ್ ನಡುವಿನಲ್ಲಿ ಕೂದಲೆಳೆಯಷ್ಟು ಬಾಗುವುದೂ ಉಂಟು. ಆಗ ಅಂಚು ಗಟ್ಟಿ, ನಡು ನೂಲುನೂಲು. ಪ್ಯಾನೆಲ್ ಎಲ್ಲ ಸರಿಯಿದೆ ಎನ್ನುತ್ತಿರುತ್ತದೆ, ಹೆಬ್ಬೆರಳು ಒಪ್ಪುವುದಿಲ್ಲ!

ಅಚ್ಚು ಸರಿಯಾಗಿ ಮೂಡಿಲ್ಲ ಎಂದು ದೂರು ಬಂದಾಗಲೆಲ್ಲ ಎಲ್ಲರ ಕಣ್ಣೂ ಅಚ್ಚಿನ ರೋಲಿನ ಮೇಲೆ. ನಾನಂತೂ ಮೊದಲು ತಂಪುಗಾಳಿ ನೋಡಲು ಮೆಟ್ಟಿಲು ಹತ್ತುತ್ತೇನೆ. ತಂಪುಗಾಳಿ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಬಂದರೆ ಎಳೆಗಳು ಒಂದಕ್ಕೊಂದು ಅಂಟಿ ಹುರಿಯಾಗಿ ಬೀಳುತ್ತವೆ; ಬಟ್ಟೆಯಲ್ಲಿ ಅಲ್ಲಲ್ಲಿ ಮೋಡ ಕವಿದಂತೆ ದಪ್ಪ, ಪಕ್ಕದಲ್ಲೇ ತೆಳು. ಸರಿಯಾಗಿ ಬೀಳದ ಎಳೆಗಳಿಗೆ ಯಾವ ರೋಲೂ ಒಳ್ಳೆಯ ಅಚ್ಚು ಕೊಡಲಾರದು.

ಕರ್ನಾಟಕದಲ್ಲಿ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾದ ಮೇಲೆ ಎಷ್ಟೋ ಅಂಗಡಿಗಳಿಗೆ ಈ ಚೀಲವೇ ‘ಬಟ್ಟೆ ಚೀಲ’ವಾಗಿ ಬಂತು. ಬಟ್ಟೆ ನೇಯ್ದ ಹಾಗೆ ಕಾಣುವ ಅಡ್ಡಗೆರೆ ಅಚ್ಚಿಗೆ ಬೇಡಿಕೆ ಇರುವುದೂ ಇದಕ್ಕೇ. ಆಳವಾದ ಅಚ್ಚು ತೆಳು ಬಟ್ಟೆಯನ್ನೂ ಕೈಗೆ ದಪ್ಪವೆನಿಸುವಂತೆ ಮಾಡುತ್ತದೆ. ಅದರ ಜೊತೆಗೆ ದರ ಇಳಿಸಲು ಸುಣ್ಣದಕಲ್ಲಿನ ಪುಡಿಯ ಫಿಲ್ಲರ್ ಅತಿಯಾಗಿ ಬೆರೆಸುವವರೂ ಇದ್ದಾರೆ. ತೂಕ ಸಿಗುತ್ತದೆ, ಜೀವ ಇರುವುದಿಲ್ಲ. ಎರಡು ಕಿಲೋ ಅಕ್ಕಿ ಹಾಕಿದರೆ ಹಿಡಿಯೇ ಕಿತ್ತು ಬರುತ್ತದೆ. ಇಂಥ ಬಟ್ಟೆಯನ್ನು ನಾನು ಮೋಸವೆಂದೇ ಕರೆಯುತ್ತೇನೆ.

ಹಾಗಾಗಿ ಚೀಲ ಕೊಳ್ಳುವ ಅಂಗಡಿಯವರಲ್ಲಿ ಒಂದು ವಿನಂತಿ. ಅಚ್ಚಿನ ಚೆಂದಕ್ಕೆ ಮರುಳಾಗದೆ ಬಟ್ಟೆಯನ್ನು ಉದ್ದಕ್ಕೂ ಅಡ್ಡಕ್ಕೂ ಎಳೆದು ನೋಡಿ. ಅಡ್ಡಕ್ಕೆ ಬಲ ತುಸು ಕಡಿಮೆಯಿರುವುದು ಸಹಜ, ಸುಮ್ಮನೆ ಹರಿದುಹೋದರೆ ಸಹಜವಲ್ಲ. ಕೇಂದ್ರದ ನಿಯಮದಂತೆ 2021ರ ಸೆಪ್ಟೆಂಬರ್ 30ರಿಂದ ನಾನ್‌ವೋವನ್ (ನೇಯದ) ಪ್ಲಾಸ್ಟಿಕ್ ಚೀಲ 60 ಜಿಎಸ್‌ಎಂಗಿಂತ ಕಡಿಮೆ ಇರುವಂತಿಲ್ಲ. ಉದ್ದಗಲ 10 ಸೆಂಟಿಮೀಟರಿನ ಒಂದು ತುಂಡು ಕತ್ತರಿಸಿ, ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿಡಿ. 0.6 ಗ್ರಾಂ ತೂಗದಿದ್ದರೆ ಮಾಲನ್ನು ವಾಪಸ್ ಕಳಿಸಿ.